ಪ್ಲಾಸ್ಟರ್ ಪಟ್ಟಿಯ ಕೀರ್ತಿಮುಖ

ಅರಸೀಕೆರೆ ಕಡೆಯ ಶಾಲೆಗಳಿಂದ ಬೇಲೂರು, ಹಳೇಬೀಡುಗಳಿಗೆ ಪ್ರವಾಸ ಹೋದ ಮಕ್ಕಳು ಕೀರ್ತಿಮುಖವನ್ನು ಮರೆಯುವುದಿಲ್ಲ. ಉಬ್ಬಿದ ಕಣ್ಣು, ಕೋರೆಹಲ್ಲು, ಸಾಮಾನ್ಯವಾಗಿ ಕೆಳದವಡೆಯೇ ಇಲ್ಲದ ಮುಖ. ಅಂಥದೊಂದು ಮುಖವಾಡವನ್ನು ಶಾಲೆಯಲ್ಲೇ ಮಾಡಬಹುದು. ಮೂಳೆ ಮುರಿದಾಗ ಕಟ್ಟುವ ಪ್ಲಾಸ್ಟರ್ ಪಟ್ಟಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಡಚ್ ಸೇನಾ ವೈದ್ಯ ಮ್ಯಾಥಿಸೆನ್ 1850ರ ದಶಕದ ಆರಂಭದಲ್ಲಿ ಬಳಕೆಗೆ ತಂದ ಪಟ್ಟಿಯಿದು.

ಜಿಪ್ಸಮ್ಮನ್ನು ಸುಮಾರು 150° ಸೆ.ಗೆ ಕಾಯಿಸಿದರೆ ಅದರಲ್ಲಿರುವ ನೀರಿನ ಮುಕ್ಕಾಲು ಪಾಲು ಹೊರಹೋಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಉಳಿಯುತ್ತದೆ. ನೀರು ಬೆರೆಸಿದೊಡನೆ ಅದು ಮತ್ತೆ ಜಿಪ್ಸಮ್ ಆಗತೊಡಗುತ್ತದೆ. ಸೂಜಿಯಂಥ ಹರಳುಗಳು ಬೆಳೆದು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಗಟ್ಟಿಯಾಗುವುದೆಂದರೆ ಇದೇ. ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ. ಪ್ಲಾಸ್ಟರು ನೀರಿನೊಳಗೂ ಗಟ್ಟಿಯಾಗುತ್ತದೆ. ಆದ್ದರಿಂದ ಉಳಿದ ನೀರನ್ನು ಬಚ್ಚಲಿಗೆ ಚೆಲ್ಲಬಾರದು.

ಇದು ಬಹಿರುಷ್ಣಕ ಕ್ರಿಯೆ. 100 ಗ್ರಾಂ ಪುಡಿಯಿಂದ ಸುಮಾರು 12 ಕಿಲೋಜೂಲ್ ಉಷ್ಣ ಬಿಡುಗಡೆಯಾಗುತ್ತದೆ. ಅದಕ್ಕೆ 60 ಗ್ರಾಂ ನೀರು ಬೆರೆಸಿದ್ದರೆ, ಉಷ್ಣವು ಹೊರಹೋಗದಿದ್ದಲ್ಲಿ, ಮಿಶ್ರಣದ ತಾಪ ಎಷ್ಟು ಏರೀತು? ವಿಶಿಷ್ಟೋಷ್ಣಗಳನ್ನು ಹಾಕಿ ವಿದ್ಯಾರ್ಥಿಗಳೇ ಲೆಕ್ಕ ಮಾಡಲಿ: ಸುಮಾರು 40° ಬರುತ್ತದೆ. 27°ಯಲ್ಲಿದ್ದ ಮುದ್ದೆ 67° ಸಮೀಪಿಸುತ್ತದೆ. 60°ಯಲ್ಲಿ ಚರ್ಮ ಸುಡಲು ಕೆಲವು ಸೆಕೆಂಡು ಸಾಕು. 2007ರಲ್ಲಿ ಇಂಗ್ಲೆಂಡಿನ ಲಿಂಕನ್‌ಷೈರಿನ ಶಾಲೆಯೊಂದರಲ್ಲಿ 16 ವರ್ಷದ ವಿದ್ಯಾರ್ಥಿನಿ ಕೈಗಳ ಅಚ್ಚು ತೆಗೆಯಲೆಂದು ಅವನ್ನು ಪ್ಲಾಸ್ಟರಿನೊಳಗೆ ಇಟ್ಟಳು. ಪ್ಲಾಸ್ಟರು ಬಿಗಿದು ಕೈ ಹೊರಬರಲಿಲ್ಲ. ಸುಟ್ಟಗಾಯಗಳಿಂದ ಬಹುತೇಕ ಬೆರಳುಗಳನ್ನೇ ಕಳೆದುಕೊಂಡಳು.

ಹಾಗಾದರೆ ವೈದ್ಯರು ಕಟ್ಟುವ ಪಟ್ಟಿ ಏಕೆ ಸುಡುವುದಿಲ್ಲ? ಅದು ತೆಳು, ಒಳಗೆ ಹತ್ತಿಯ ಪದರವಿರುತ್ತದೆ, ನೀರೂ ಬಿಸಿಯಲ್ಲ. ದಪ್ಪ ಇಮ್ಮಡಿಯಾದರೆ ಒಳಗಿನ ಉಷ್ಣ ಹೊರಬರಲು ಹೆಚ್ಚುಕಡಿಮೆ ನಾಲ್ಕು ಪಟ್ಟು ಸಮಯ ಬೇಕು. ಬೇಗ ಗಟ್ಟಿಯಾಗಲೆಂದು ಬಿಸಿನೀರು ಬಳಸುವವರು, ಪದರದ ಮೇಲೆ ಪದರ ಪೇರಿಸುವವರು ಇದನ್ನು ಗಮನಿಸಬೇಕು. ಮಕ್ಕಳ ಮುಖದ ಮೇಲೆ ನೇರವಾಗಿ ಅಚ್ಚು ತೆಗೆಯುವುದು ನನಗಂತೂ ಒಪ್ಪಿಗೆಯಿಲ್ಲ. ದೇವಾಲಯದ ಶಿಲ್ಪದ ಮೇಲೆ ತೆಗೆಯುವುದಂತೂ ಬೇಡವೇ ಬೇಡ. ಅಲ್ಲಿನ ಬಳಪದ ಕಲ್ಲು ಮೃದು, 2023ರಿಂದ ಅವು ವಿಶ್ವ ಪರಂಪರೆಯ ತಾಣಗಳೂ ಹೌದು. ನೋಡಿ, ಚಿತ್ರ ಬರೆದುಕೊಂಡು ಬಂದರೆ ಸಾಕು.

ಹಲಗೆಯ ಮೇಲೆ ಜೇಡಿಮಣ್ಣಿನಲ್ಲಿ ಮುಖ ತಿದ್ದಿ. ಒಳಕ್ಕೆ ಬಾಗಿದ ಕೊರಕಲುಗಳಿರಬಾರದು. ಇದ್ದರೆ ಮುಖವಾಡ ಕಳಚುವುದಿಲ್ಲ. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ. ಪಟ್ಟಿಯನ್ನು ಒಣಗಿರುವಾಗಲೇ ಎರಡು ಬೆರಳಗಲ ಕತ್ತರಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ತಣ್ಣೀರಿನಲ್ಲಿ ಅದ್ದಿ, ಗುಳ್ಳೆ ನಿಂತೊಡನೆ ತೆಗೆದು ಮೆಲ್ಲಗೆ ಹಿಂಡಿ, ಅಡ್ಡಡ್ಡವಾಗಿ ಮೂರು ನಾಲ್ಕು ಪದರ ಹಾಸಿ, ಬೆರಳಿನಿಂದ ಸವರಿ. ಬಟ್ಟೆಯ ಎಳೆಗಳು ಎಳೆತವನ್ನು ತಾಳುತ್ತವೆ, ಪ್ಲಾಸ್ಟರು ಒತ್ತಡವನ್ನು. ಕಬ್ಬಿಣ ಹಾಕಿದ ಕಾಂಕ್ರೀಟಿನ ಕತೆಯೇ ಇಲ್ಲಿಯೂ. ಒಂದು ಗಂಟೆಯ ಬಳಿಕ ಕಳಚಬಹುದು.

ಬಣ್ಣಕ್ಕೆ ಅವಸರ ಬೇಡ. ಮುಖವಾಡವನ್ನು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗಿನ ನೀರು ಇನ್ನೂ ಆವಿಯಾಗುತ್ತಿದೆ ಎಂದರ್ಥ. ಇನ್ನೊಂದು ದಿನ ನೆರಳಿನಲ್ಲಿರಲಿ.