ರಾಗಿ ಬಿಸ್ಕತ್ತಿನಲ್ಲಿ ರಾಗಿ ಎಷ್ಟು?

ರಾಗಿ ಬಿಸ್ಕತ್ತಿನ ಪೊಟ್ಟಣದ ಮೇಲೆ ತೆನೆಯ ಚಿತ್ರ ದೊಡ್ಡದಾಗಿಯೇ ಇರುತ್ತದೆ. ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿದರೆ ಹಲವು ಪೊಟ್ಟಣಗಳಲ್ಲಿ ಮೊದಲು ಸಿಗುವ ಹೆಸರು ಗೋಧಿ ಹಿಟ್ಟು ಅಥವಾ ಮೈದಾ. ಸಕ್ಕರೆ, ತಾಳೆ ಎಣ್ಣೆಗಳೂ ದೂರವೇನಿರುವುದಿಲ್ಲ. ತೂಕದಲ್ಲಿ ಯಾವುದು ಹೆಚ್ಚೋ ಅದರ ಹೆಸರನ್ನೇ ಮೊದಲು ಬರೆಯಬೇಕೆಂಬುದು ನಮ್ಮ ಆಹಾರ ಕಾನೂನಿನ ನಿಯಮ. ಹಾಗಾಗಿ ಪಟ್ಟಿ ನಿಜವನ್ನೇ ಹೇಳುತ್ತದೆ, ಉತ್ಸಾಹವೆಲ್ಲ ಚಿತ್ರದ್ದು.

ಸಂಸ್ಕರಣೆ ಎಂದ ಕೂಡಲೇ ಬೆಚ್ಚಬೇಕಿಲ್ಲ. ಹಾಲಿಗೆ ಹೆಪ್ಪು ಹಾಕುವುದು, ಸಂಡಿಗೆ ಒಣಗಿಸುವುದು ಎಲ್ಲವೂ ಸಂಸ್ಕರಣೆಯೇ. ಮಗುವಿಗೆ ಸರಿ ಮಾಡಲು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುತ್ತಾರಲ್ಲ, ಅದರಿಂದ ಕಾಳಿನ ಗುಣ ಹೆಚ್ಚುತ್ತದೆ. ಮೊಳಕೆಯೊಡೆದಾಗ ಫೈಟೇಟ್ ಅಂಶ ತಗ್ಗಿ ಕಬ್ಬಿಣ ದೇಹಕ್ಕೆ ಸುಲಭವಾಗಿ ದಕ್ಕುತ್ತದೆ. ರಾಗಿಯ ಕಾಳು ತೀರಾ ಚಿಕ್ಕದು, ಅಕ್ಕಿಯಂತೆ ಅದಕ್ಕೆ ಪಾಲಿಶ್ ಕೊಡುವುದು ಕಷ್ಟ. ಊರಿನ ಗಿರಣಿಯಲ್ಲಿ ಬೀಸಿದ ಹಿಟ್ಟಿನಲ್ಲಿ ಸಿಪ್ಪೆ, ಮೊಳೆ ಎಲ್ಲ ಸೇರಿಯೇ ಬರುತ್ತವೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಪಾಲಿಶ್ ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ.

ತಕರಾರು ಇರುವುದು ಬೇರೆ ಬಗೆಯ ಸಂಸ್ಕರಣೆಯ ಮೇಲೆ. ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ ಮತ್ತು ಸಂಗಡಿಗರು ಆಹಾರವನ್ನು ನಾಲ್ಕು ಗುಂಪು ಮಾಡಿದರು. ಬಣ್ಣ, ಕೃತಕ ಪರಿಮಳ, ಎಮಲ್ಸಿಫೈಯರ್ ಬೆರೆಸಿ ಕಾರ್ಖಾನೆಯಲ್ಲಿ ಕಟ್ಟಿದ ತಿನಿಸುಗಳು ಕೊನೆಯ ಗುಂಪಿನವು: ಅತಿ ಸಂಸ್ಕರಿತ.

ಅವು ದೇಹಕ್ಕೆ ಮಾಡುವುದೇನು? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ತಂಡ 20 ಮಂದಿಯನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡು ಎರಡು ವಾರ ಅತಿ ಸಂಸ್ಕರಿತ ಊಟ, ಎರಡು ವಾರ ಸಂಸ್ಕರಿಸದ ಪದಾರ್ಥಗಳ ಊಟ ಬಡಿಸಿತು. ಮುಂದಿಟ್ಟ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಎಷ್ಟು ಬೇಕೋ ಅಷ್ಟು ತಿನ್ನಿ ಎಂದರು. 2019ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅತಿ ಸಂಸ್ಕರಿತ ಊಟದಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗಬೇಗನೆ ತಿಂದರು, ಸರಾಸರಿ 0.9 ಕಿಲೋ ದಪ್ಪಗಾದರು. ಇನ್ನೊಂದು ಊಟದಲ್ಲಿ ಅಷ್ಟೇ ಇಳಿದರು. 20 ಮಂದಿ, ನಾಲ್ಕು ವಾರ ಎಂಬುದು ಸಣ್ಣ ಲೆಕ್ಕವೇ. ಆದರೂ ‘ನಾಲಗೆ ಬಿಗಿಹಿಡಿಯಿರಿ’ ಎಂದು ತಿನ್ನುವವರನ್ನೇ ಗದರುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಆ ಪ್ರಯೋಗದಲ್ಲಿ ಸಂಸ್ಕರಿಸದ ಊಟಕ್ಕೇ ಹೆಚ್ಚು ದುಡ್ಡು ಬಿತ್ತು. ನಮ್ಮಲ್ಲಿ ಮುದ್ದೆ, ಸೊಪ್ಪಿನ ಸಾರು ದುಬಾರಿಯೇನಲ್ಲ, ದುಬಾರಿಯಾದದ್ದು ಹೊತ್ತು. ಬೆಳಿಗ್ಗೆ ಏಳಕ್ಕೆ ಬಸ್ ಹಿಡಿಯುವವರಿಗೆ ಕಾಳು ಮೊಳಕೆ ಕಟ್ಟಿ ಕೂರಲು ಪುರುಸೊತ್ತೆಲ್ಲಿ? ಅಂಥವರಿಗಾಗಿ ಈಗ ಹಲವೆಡೆ ಸ್ವಸಹಾಯ ಸಂಘದ ಹೆಂಗಸರು ಮೊಳಕೆ ರಾಗಿ ಹಿಟ್ಟು ಮಾಡಿ ಮಾರುತ್ತಾರೆ. ಅದೂ ಪೊಟ್ಟಣದ್ದೇ, ಕೊಳ್ಳುವಾಗ ಹಿಂಬದಿಯ ಪಟ್ಟಿಯಲ್ಲಿ ರಾಗಿ ಬಿಟ್ಟು ಬೇರೇನಿದೆ ಎಂದು ನೋಡಿದರಾಯಿತು.