ಸೋಟೊ ಬಿಟ್ಟುಹೋದ ಚಳಿಗಾಲ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಮಾರ್ಚ್ ಕೊನೆಗೆ ಶುರುವಾಗಿ ಅಕ್ಟೋಬರ್ ಮುಗಿಯುವ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಸುಮಾರು ಐದು ತಿಂಗಳು ಮೈದಾನ ಖಾಲಿ ಬಿದ್ದಿರುತ್ತದೆ, ಅಭಿಮಾನಿಗೆ ಮಾತ್ರ ಬಿಡುವಿಲ್ಲ. ಯಾರು ಹೋದರು, ಯಾರು ಬಂದರು, ಎಷ್ಟಕ್ಕೆ ಬಂದರು, ಅಷ್ಟು ಕೊಡಬೇಕಿತ್ತೇ ಎಂಬ ಚರ್ಚೆಯಲ್ಲೇ ಚಳಿಗಾಲ ಕಳೆಯುತ್ತದೆ. ಹಿಂದೆ ಸಣ್ಣ ಊರಿನ ಅಂಗಡಿಗಳಲ್ಲಿ ಕಾದ ಒಲೆಯ ಸುತ್ತ ಕುಳಿತು ಜನ ಆಡುತ್ತಿದ್ದ ಈ ಹರಟೆಗೆ ‘ಹಾಟ್ ಸ್ಟವ್ ಲೀಗ್’ ಎಂದೇ ಹೆಸರು ಬಿದ್ದಿದೆ. ಒಲೆಯ ಜಾಗಕ್ಕೆ ಈಗ ಫೋನ್ ಬಂದಿದೆ, ಹರಟೆ ಹಾಗೆಯೇ ಇದೆ. ತಂಡದ ಆಡಳಿತ ಮಂಡಳಿಯಲ್ಲಿ ಕುಳಿತವರಿಗಿಂತ ತನಗೇ ಚೆನ್ನಾಗಿ ಗೊತ್ತು ಎಂದು ಪ್ರತಿಯೊಬ್ಬ ಅಭಿಮಾನಿಯೂ ನಂಬಿರುವುದು ಈ ಕಾಲದಲ್ಲೇ.

ಐಪಿಎಲ್ ನೋಡಿ ಅಭ್ಯಾಸವಾದವರಿಗೆ ಇಲ್ಲಿನ ವ್ಯವಹಾರ ಮೊದಲಿಗೆ ವಿಚಿತ್ರ ಎನಿಸಬಹುದು, ಏಕೆಂದರೆ ಇಲ್ಲಿ ಹರಾಜೇ ಇಲ್ಲ. ಆಟಗಾರ ಮೇಜರ್ ಲೀಗ್‌ನಲ್ಲಿ ಆರು ವರ್ಷದ ಸೇವೆ ಮುಗಿಸುವವರೆಗೆ ತಂಡದ ಹಿಡಿತದಲ್ಲಿರುತ್ತಾನೆ. ಆ ಅವಧಿಯಲ್ಲಿ ತಂಡ ಅವನನ್ನು ಕೇಳದೆಯೇ ಬೇರೊಂದು ತಂಡಕ್ಕೆ ಕೊಟ್ಟು ಬದಲಿಗೆ ಮತ್ತೊಬ್ಬನನ್ನು ತರಬಹುದು. ಇದು ಟ್ರೇಡ್. ಆರು ವರ್ಷ ಮುಗಿದು ಕರಾರೂ ತೀರಿದರೆ ಅವನು ಫ್ರೀ ಏಜೆಂಟ್, ಯಾವ ತಂಡದ ಜೊತೆ ಬೇಕಾದರೂ ಮಾತಾಡಬಹುದು. ಈ ಸ್ವಾತಂತ್ರ್ಯ ಸುಲಭಕ್ಕೆ ಸಿಕ್ಕಿದ್ದಲ್ಲ. 1969ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತನ್ನನ್ನು ಫಿಲಡೆಲ್ಫಿಯಾಕ್ಕೆ ದಾಟಿಸಿದಾಗ ಕರ್ಟ್ ಫ್ಲಡ್ ಹೋಗಲೊಲ್ಲೆ ಎಂದರು. ಸುಪ್ರೀಂ ಕೋರ್ಟ್‌ವರೆಗೂ ಹೋಗಿ 1972ರಲ್ಲಿ ಸೋತರು. 1975ರ ಕೊನೆಯಲ್ಲಿ ಇನ್ನಿಬ್ಬರು ಪಿಚರ್‌ಗಳ, ಅಂದರೆ ಚೆಂಡೆಸೆಯುವವರ, ಪ್ರಕರಣದಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಸ್ ಕೊಟ್ಟ ತೀರ್ಪು ಆಟಗಾರರನ್ನು ಬಿಡುಗಡೆ ಮಾಡಿತು. ಚಳಿಗಾಲದ ಸಂತೆ ಇಂದಿನ ರೂಪಕ್ಕೆ ಬಂದದ್ದು ಆಮೇಲೆ.

ಈ ಸಂತೆಯ ದೊಡ್ಡ ಗಿರಾಕಿ ಎಂದರೆ ನ್ಯೂಯಾರ್ಕ್ ಯಾಂಕೀಸ್. ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್ ಅನ್ನು 27 ಸಲ ಗೆದ್ದ ತಂಡ ಇದು, ಬೇರೆ ಯಾವ ತಂಡವೂ ಹತ್ತಿರಕ್ಕೆ ಬಂದಿಲ್ಲ. ಅದರ ವೈಭವ ಆರಂಭವಾದದ್ದೂ ಒಂದು ಚಳಿಗಾಲದ ಖರೀದಿಯಿಂದಲೇ. 1919ರ ಡಿಸೆಂಬರ್‌ನಲ್ಲಿ ಬಾಸ್ಟನ್ ತಂಡಕ್ಕೆ 1 ಲಕ್ಷ ಡಾಲರ್ ಕೊಟ್ಟು ಬೇಬ್ ರೂತ್ ಅವರನ್ನು ತಂದದ್ದು ಯಾಂಕೀಸ್. 2008ರ ಡಿಸೆಂಬರ್‌ನಲ್ಲಿ ಮೂವರು ಆಟಗಾರರ ಮೇಲೆ ಒಟ್ಟು 42.35 ಕೋಟಿ ಡಾಲರ್ ಸುರಿದು, ಮರುವರ್ಷವೇ ಚಾಂಪಿಯನ್ ಆದದ್ದೂ ಅದೇ. ಹೀಗೆ ಕೊಳ್ಳುವುದನ್ನೇ ನೋಡುತ್ತ ಬೆಳೆದ ಅಭಿಮಾನಿಗೆ, ಬೇಕೆಂದ ಆಟಗಾರ ಸಿಗುವುದು ಹಕ್ಕು ಎನಿಸಿಬಿಟ್ಟಿರುತ್ತದೆ. 2024ರ ಚಳಿಗಾಲ ಪೆಟ್ಟು ಕೊಟ್ಟದ್ದು ಈ ನಂಬಿಕೆಗೆ.

ಆ ಚಳಿಗಾಲಕ್ಕೆ ಕಾಲಿಟ್ಟಾಗಲೇ ಅಭಿಮಾನಿಯ ಮೈಮೇಲೆ ಹಸಿ ಗಾಯವಿತ್ತು. ಅಕ್ಟೋಬರ್ 30ರ ರಾತ್ರಿ, ತವರಿನ ಯಾಂಕಿ ಸ್ಟೇಡಿಯಂ. ಲಾಸ್ ಏಂಜಲೀಸ್ ಡಾಡ್ಜರ್ಸ್ ವಿರುದ್ಧ ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯದಲ್ಲಿ ಯಾಂಕೀಸ್ 5-0 ಮುಂದಿತ್ತು. ಐದನೇ ಇನಿಂಗ್ಸ್‌ನಲ್ಲಿ ನಾಯಕ ಆರನ್ ಜಡ್ಜ್ ಮಕ್ಕಳೂ ಹಿಡಿಯಬಹುದಾದ ಕ್ಯಾಚ್ ಕೈಚೆಲ್ಲಿದರು. ಫೀಲ್ಡರ್ ಆಂಟನಿ ವೋಲ್ಪಿ ಎಸೆತ ಗುರಿ ತಪ್ಪಿತು. ಚೆಂಡು ಮೊದಲ ಬೇಸ್ ಕಡೆ ಉರುಳಿದಾಗ ಪಿಚರ್ ಗೆರಿಟ್ ಕೋಲ್ ಅತ್ತ ಓಡಲೇ ಇಲ್ಲ. ನೋಡನೋಡುತ್ತಿದ್ದಂತೆ 5-5. ಕೊನೆಗೆ 7-6ರಲ್ಲಿ ಪಂದ್ಯವೂ ಹೋಯಿತು, ಸರಣಿಯೂ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಆ ವರ್ಷ ತಂಡವನ್ನು ಅಲ್ಲಿಯವರೆಗೆ ತಂದವರಲ್ಲಿ ಹ್ವಾನ್ ಸೋಟೊ ಮುಖ್ಯರು. 2023ರ ಡಿಸೆಂಬರ್‌ನಲ್ಲಿ ಐವರು ಆಟಗಾರರನ್ನು ಸ್ಯಾನ್ ಡಿಯೇಗೊ ಪಾಡ್ರೆಸ್‌ಗೆ ಕೊಟ್ಟು ಯಾಂಕೀಸ್ ಸೋಟೊ ಅವರನ್ನು ತಂದಿತ್ತು. ಜೊತೆಗೆ ಟ್ರೆಂಟ್ ಗ್ರಿಶಮ್ ಎಂಬ ಔಟ್‌ಫೀಲ್ಡರ್ ಕೂಡ ಬಂದರು, ಚೀಲ ತುಂಬಿದ ಮೇಲೆ ಅಂಗಡಿಯವನು ಹಾಕುವ ಕೊಸರಿನ ಹಾಗೆ. ಸೋಟೊ 41 ಹೋಮ್ ರನ್, ಅಂದರೆ ಬೇಸ್‌ಬಾಲ್‌ನ ಸಿಕ್ಸರ್, ಹೊಡೆದರು. ಕ್ಲೀವ್‌ಲ್ಯಾಂಡ್‌ನಲ್ಲಿ ಹತ್ತನೇ ಇನಿಂಗ್ಸ್‌ನಲ್ಲಿ ಮೂರು ರನ್ನಿನ ಹೋಮ್ ರನ್ ಬಾರಿಸಿ ತಂಡವನ್ನು ವರ್ಲ್ಡ್ ಸೀರೀಸ್‌ಗೆ ದಾಟಿಸಿದ್ದೂ ಅವರೇ. ಬ್ಯಾಟಿಂಗ್ ಸರದಿಯಲ್ಲಿ ಸೋಟೊ ಎರಡನೆಯವರು, ಜಡ್ಜ್ ಮೂರನೆಯವರು. ಸೋಟೊ ಬೇಸ್ ಮೇಲಿದ್ದರೆ ಜಡ್ಜ್‌ಗೆ ಚೆಂಡು ಕೊಡದೆ ತಪ್ಪಿಸಿಕೊಳ್ಳುವುದು ಎದುರಾಳಿಗೆ ಕಷ್ಟ. ಆ ವರ್ಷ ಜಡ್ಜ್ 58 ಹೋಮ್ ರನ್ ಹೊಡೆದದ್ದರ ಹಿಂದೆ ಈ ಲೆಕ್ಕವೂ ಇದೆ ಎಂದು ಅಭಿಮಾನಿಗಳು ನಂಬಿದ್ದರು. ಸೋಟೊ ವಯಸ್ಸು ಆಗ 26. ಈ ದರ್ಜೆಯ ಆಟಗಾರ ಅಷ್ಟು ಚಿಕ್ಕ ವಯಸ್ಸಿನಲ್ಲಿ ಸಂತೆಗೆ ಬರುವುದು ಅಪರೂಪ.

ಡಿಸೆಂಬರ್ 8ರ ರಾತ್ರಿ ಸುದ್ದಿ ಬಂತು. ಸೋಟೊ ಮೆಟ್ಸ್‌ಗೆ. 15 ವರ್ಷ, 76.5 ಕೋಟಿ ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 6,500 ಕೋಟಿ ರೂಪಾಯಿ. ಕ್ರೀಡಾ ಇತಿಹಾಸದಲ್ಲೇ ಅಷ್ಟು ದೊಡ್ಡ ಕರಾರು ಯಾರಿಗೂ ಆಗಿರಲಿಲ್ಲ. ಹಿಂದಿನ ಡಿಸೆಂಬರ್‌ನಲ್ಲಿ ಡಾಡ್ಜರ್ಸ್ ಜೊತೆ ಶೋಹೆ ಒಟಾನಿ ಮಾಡಿಕೊಂಡದ್ದು 70 ಕೋಟಿಯದು, ಅದರಲ್ಲೂ 68 ಕೋಟಿ ಕರಾರು ಮುಗಿದ ಮೇಲೆ ಕೈಸೇರುವಂಥದ್ದು. ಸೋಟೊ ಹಣದಲ್ಲಿ ಅಂಥ ಬಾಕಿ ಏನೂ ಇಲ್ಲ. ಯಾಂಕೀಸ್ ಕೂಡ 16 ವರ್ಷಕ್ಕೆ 76 ಕೋಟಿ ಕೊಡಲು ಮುಂದಾಗಿತ್ತು ಎಂಬ ವರದಿ ಅಭಿಮಾನಿಯ ಸಂಕಟ ಹೆಚ್ಚಿಸಿತು. ಇನ್ನು ಮೆಟ್ಸ್ ಎಂದರೆ ದೂರದ ಊರಿನ ತಂಡವಲ್ಲ. ಅದೇ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿರುವ ದಾಯಾದಿ. ಯಾಂಕೀಸ್ ಕಣ್ಣಿಗೆ ಅದು ಎಂದೂ ಎರಡನೇ ತಂಡವೇ. ಎದುರುಮನೆಯವರು ನಮ್ಮ ಮನೆಯ ಹಸುವನ್ನೇ ಬಿಚ್ಚಿಕೊಂಡು ಹೋಗಿ ಕಟ್ಟಿಕೊಂಡಂತೆ ಆಯಿತು.

ಇದರಲ್ಲಿ ಒಂದು ಹಳೆಯ ಕಥೆಯ ಪ್ರತಿಧ್ವನಿ ಇದೆ. 2001ರ ಚಳಿಗಾಲದಲ್ಲಿ ಓಕ್ಲಂಡ್ ಅಥ್ಲೆಟಿಕ್ಸ್‌ನ ಜೇಸನ್ ಜಿಯಾಂಬಿ ಅವರನ್ನು 12 ಕೋಟಿ ಡಾಲರ್‌ಗೆ ಎಗರಿಸಿದ್ದು ಇದೇ ಯಾಂಕೀಸ್. ಅಷ್ಟು ಹಣವಿಲ್ಲದ ಓಕ್ಲಂಡ್‌ನ ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್, ಒಬ್ಬ ಜಿಯಾಂಬಿ ಬದಲು ಕೆಲವರನ್ನು ತಂದು ಅವರೆಲ್ಲ ಸೇರಿ ಒಬ್ಬನಷ್ಟಾದರೆ ಸಾಕು ಎಂದು ಲೆಕ್ಕ ಹಾಕಿದರು. ‘ಮನಿಬಾಲ್’ ಪುಸ್ತಕವೂ ಬ್ರಾಡ್ ಪಿಟ್ ನಟಿಸಿದ ಸಿನಿಮಾವೂ ಹುಟ್ಟಿದ್ದು ಆ ಲೆಕ್ಕದಿಂದ. 23 ವರ್ಷದ ಬಳಿಕ ಅದೇ ಲೆಕ್ಕ ಹಾಕುವ ಸರದಿ ಯಾಂಕೀಸ್‌ಗೆ ಬಂತು. ವ್ಯತ್ಯಾಸವೆಂದರೆ ಇವರ ಜೇಬಿನಲ್ಲಿ ದುಡ್ಡಿತ್ತು.

1998ರಿಂದ ಜನರಲ್ ಮ್ಯಾನೇಜರ್ ಆಗಿರುವ ಬ್ರಯನ್ ಕ್ಯಾಶ್‌ಮನ್ ಎರಡು ವಾರದೊಳಗೆ ನಾಲ್ವರನ್ನು ತಂದರು. ಎಡಗೈ ಪಿಚರ್ ಮ್ಯಾಕ್ಸ್ ಫ್ರೀಡ್‌ಗೆ 8 ವರ್ಷ, 21.8 ಕೋಟಿ ಡಾಲರ್. ಎಡಗೈ ಪಿಚರ್ ಒಬ್ಬರಿಗೆ ಅಷ್ಟು ಹಣ ಹಿಂದೆ ಯಾರೂ ಕೊಟ್ಟಿರಲಿಲ್ಲ. ಮಿಲ್ವಾಕಿಯಿಂದ ಕ್ಲೋಸರ್, ಅಂದರೆ ಕೊನೆಯ ಇನಿಂಗ್ಸ್ ಕಾಯುವ ಪಿಚರ್ ಡೆವಿನ್ ವಿಲಿಯಮ್ಸ್. ಅವರಿಗೆ ಬದಲಾಗಿ ಪಿಚರ್ ನೆಸ್ಟರ್ ಕೋರ್ಟೆಸ್ ಮತ್ತು ಇನ್ನೂ ಮೇಜರ್ ಲೀಗ್ ಆಡದ ಕೇಲಬ್ ಡರ್ಬಿನ್ ಹೋದರು. ಶಿಕಾಗೊ ಕಬ್ಸ್‌ನಿಂದ ಕೋಡಿ ಬೆಲಿಂಜರ್ ಬಂದರು. ಅವರ ತಂದೆ ಕ್ಲೇ ಬೆಲಿಂಜರ್ ಕೂಡ ಹಿಂದೆ ಯಾಂಕೀಸ್‌ಗೇ ಆಡಿದವರು. ಮೊದಲ ಬೇಸ್‌ಗೆ 37 ವರ್ಷದ ಪಾಲ್ ಗೋಲ್ಡ್‌ಸ್ಮಿಟ್, ಒಂದು ವರ್ಷಕ್ಕೆ 1.25 ಕೋಟಿ ಡಾಲರ್.

ಅಭಿಮಾನಿ ಈ ಪಟ್ಟಿಯನ್ನು ಎರಡು ಕಣ್ಣಿನಿಂದ ನೋಡಿದ. ಐದನೇ ಇನಿಂಗ್ಸ್ ಮರೆಯದ ಕಣ್ಣಿಗೆ ಇದರಲ್ಲಿ ಸಮಾಧಾನವಿತ್ತು. ಗೋಲ್ಡ್‌ಸ್ಮಿಟ್ ನಾಲ್ಕು ಸಲ ಗೋಲ್ಡ್ ಗ್ಲವ್ ಗೆದ್ದ ಫೀಲ್ಡರ್, ಫ್ರೀಡ್ ಮತ್ತು ಬೆಲಿಂಜರ್ ಕೂಡ ಆ ಪ್ರಶಸ್ತಿ ಪಡೆದವರು. ಕೈಚೆಲ್ಲುವ ತಂಡಕ್ಕೆ ಹಿಡಿಯುವ ಕೈಗಳು ಬಂದಿದ್ದವು. ಇನ್ನೊಂದು ಕಣ್ಣಿಗೆ ಕಂಡದ್ದು ತೂತುಗಳು. ಎರಡನೇ ಬೇಸ್‌ನ ಗ್ಲೈಬರ್ ಟೊರೆಸ್ ಡೆಟ್ರಾಯಿಟ್‌ಗೆ ಹೋದರು. ಆ ಜಾಗಕ್ಕೆ ಮೂರನೇ ಬೇಸ್‌ನ ಜ್ಯಾಝ್ ಚಿಸಮ್ ಸರಿದರು. ಮೂರನೇ ಬೇಸ್‌ಗೆ ಮಾತ್ರ ಯಾರನ್ನೂ ಕೊಳ್ಳಲಿಲ್ಲ. ಇಷ್ಟು ಖರ್ಚು ಮಾಡಿದವರು ಇಲ್ಲೇಕೆ ಕೈ ಬಿಗಿ ಹಿಡಿದರು ಎಂಬ ಪ್ರಶ್ನೆಗೆ ಉತ್ತರ ತೆರಿಗೆಯಲ್ಲಿದೆ. ಬೇಸ್‌ಬಾಲ್‌ನಲ್ಲಿ ಸಂಬಳಕ್ಕೆ ಮಿತಿ ಇಲ್ಲ, ಗೆರೆ ದಾಟಿದವರಿಗೆ ದಂಡವಿದೆ. 2025ಕ್ಕೆ ಮೊದಲ ಗೆರೆ 24.1 ಕೋಟಿ ಡಾಲರ್. ವರ್ಷ ವರ್ಷವೂ ದಾಟುವ ತಂಡ ಕೊನೆಯ ಗೆರೆಯಾದ 30.1 ಕೋಟಿಯನ್ನೂ ಮೀರಿದರೆ, ಅದರಾಚೆಯ ಪ್ರತಿ ಡಾಲರ್‌ಗೆ 1.10 ಡಾಲರ್ ಕಟ್ಟಬೇಕು. 1 ಕೋಟಿಯ ಆಟಗಾರ ಮನೆಗೆ ಬರುವಾಗ 2.1 ಕೋಟಿ ಆಗಿರುತ್ತಾನೆ. ಅಭಿಮಾನಿಗೆ ಈ ಲೆಕ್ಕ ಗೊತ್ತು, ಆದರೂ ಒಪ್ಪುವುದಿಲ್ಲ. ಮಾಲೀಕರ ತೆರಿಗೆಗೆ ಟಿಕೆಟ್ ಕೊಂಡವನೇಕೆ ಮರುಗಬೇಕು ಎಂಬುದು ಅವನ ವಾದ. ಅದರಲ್ಲಿ ತಪ್ಪೂ ಇಲ್ಲ.

ಫೆಬ್ರವರಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಅಂಕಿಅಂಶಕ್ಕೆ ಸಂಬಂಧವಿಲ್ಲದಿದ್ದರೂ ಚರ್ಚೆ ಮಾತ್ರ ಜೋರಾಗಿಯೇ ಆಯಿತು. ಯಾಂಕೀಸ್ ಆಟಗಾರರು ಗಡ್ಡ ಬಿಡುವಂತಿಲ್ಲ ಎಂದು 1976ರಿಂದ ಜಾರಿಯಲ್ಲಿದ್ದ ನಿಯಮವನ್ನು, ಅದನ್ನು ತಂದ ಜಾರ್ಜ್ ಸ್ಟೈನ್‌ಬ್ರೆನರ್ ಅವರ ಮಗ ಹ್ಯಾಲ್ ಸಡಿಲಿಸಿದರು. ಅಚ್ಚುಕಟ್ಟಾದ ಗಡ್ಡವಾದರೆ ಆಗಬಹುದು ಎಂದರು. ಬಾಸ್ಟನ್‌ನಲ್ಲಿ ಜಟಾಧಾರಿಯಾಗಿದ್ದ ಜಾನಿ ಡೇಮನ್ 2005ರಲ್ಲಿ ನುಣ್ಣಗೆ ಬೋಳಿಸಿಕೊಂಡು ಯಾಂಕೀಸ್ ಸೇರಿದ್ದನ್ನು ಕಂಡ ಹಳಬರಿಗೆ ಇದು ಮನೆಯ ಆಚಾರ ಕೆಟ್ಟಂತೆ ಕಂಡಿತು. ಹೊಸಬರಿಗೆ ಇಷ್ಟು ತಡವೇಕಾಯಿತು ಎಂಬುದಷ್ಟೇ ಪ್ರಶ್ನೆ. ಗಡ್ಡದ ವಿಲಿಯಮ್ಸ್‌ಗೆ ಅನುಕೂಲವಾಯಿತು.

ಮಾರ್ಚ್‌ನಲ್ಲಿ ಗೆರಿಟ್ ಕೋಲ್ ಮೊಣಕೈ ಶಸ್ತ್ರಚಿಕಿತ್ಸೆಗೆ ಹೋಗಿ ಇಡೀ ವರ್ಷ ಕಳೆದುಕೊಂಡರು. ಫ್ರೀಡ್ ಮೇಲಿನ ಖರ್ಚು ದುಂದು ಎಂದವರೆಲ್ಲ ಆ ದಿನವೇ ಸುಮ್ಮನಾದರು.

ಮಾರ್ಚ್ 29ರ ಮಧ್ಯಾಹ್ನವಂತೂ ಚಳಿಗಾಲದ ವ್ಯಾಪಾರವನ್ನೇ ಮೈದಾನದಲ್ಲಿ ಹರಡಿಟ್ಟಂತಿತ್ತು. ಋತುವಿನ ಎರಡನೇ ಪಂದ್ಯ, ಎದುರಾಳಿ ಮಿಲ್ವಾಕಿ. ಚೆಂಡೆಸೆಯಲು ನಿಂತವರು ನೆಸ್ಟರ್ ಕೋರ್ಟೆಸ್. ಅಕ್ಟೋಬರ್‌ನ ವರ್ಲ್ಡ್ ಸೀರೀಸ್ ಮೊದಲ ಪಂದ್ಯದಲ್ಲಿ ಇವರ ಎರಡನೇ ಎಸೆತವನ್ನೇ ಡಾಡ್ಜರ್ಸ್‌ನ ಫ್ರೆಡ್ಡಿ ಫ್ರೀಮನ್ ಪ್ರೇಕ್ಷಕರ ನಡುವೆ ಬಾರಿಸಿ ಪಂದ್ಯ ಕಸಿದಿದ್ದರು. ಈಗ ಕೋರ್ಟೆಸ್ ಹೊಸ ಅಂಗಿಯಲ್ಲಿ ಹಳೆಯ ಮನೆಗೆ ಬಂದಿದ್ದರು. ಮೊದಲ ಎಸೆತಕ್ಕೆ ಗೋಲ್ಡ್‌ಸ್ಮಿಟ್ ಹೋಮ್ ರನ್. ಎರಡನೇ ಎಸೆತಕ್ಕೆ ಬೆಲಿಂಜರ್ ಹೋಮ್ ರನ್. ಮೂರನೇ ಎಸೆತಕ್ಕೆ ಜಡ್ಜ್. ಮೂರು ಎಸೆತ, ಮೂರು ಹೋಮ್ ರನ್. ಮೊದಲೆರಡು ಚಳಿಗಾಲದಲ್ಲಿ ತಂದವರದು, ಎಸೆದದ್ದು ಚಳಿಗಾಲದಲ್ಲಿ ಕಳಿಸಿದವರು. ಯಾಂಕೀಸ್ 20-9ರಲ್ಲಿ ಗೆದ್ದಿತು.

ಮೇ 16ರಂದು ಸೋಟೊ ಮೆಟ್ಸ್ ಅಂಗಿ ತೊಟ್ಟು ಯಾಂಕಿ ಸ್ಟೇಡಿಯಂಗೆ ಬಂದರು. ರೈಟ್ ಫೀಲ್ಡ್ ಹಿಂದಿನ ಅಗ್ಗದ ಬೆಂಚುಗಳಲ್ಲಿ ‘ಬ್ಲೀಚರ್ ಕ್ರೀಚರ್ಸ್’ ಎಂಬ ಖಾಯಂ ಅಭಿಮಾನಿಗಳ ಗುಂಪು ಕೂರುತ್ತದೆ. ಪ್ರತಿ ಪಂದ್ಯದ ಮೊದಲ ಇನಿಂಗ್ಸ್‌ನಲ್ಲಿ ತಮ್ಮ ಫೀಲ್ಡರ್‌ಗಳ ಹೆಸರನ್ನು ಒಬ್ಬೊಬ್ಬರದಾಗಿ ಕೂಗಿ ಹಾಜರಿ ತೆಗೆದುಕೊಳ್ಳುವುದು ಅವರ ಪದ್ಧತಿ. ಹಿಂದಿನ ವರ್ಷ ಅವರ ಕೂಗಿಗೆ ತಲೆಬಾಗಿ ಉತ್ತರ ಕೊಡುತ್ತಿದ್ದ ಸೋಟೊ ಈಗ ಅದೇ ಜಾಗದಲ್ಲಿ ಬಂದು ನಿಂತಾಗ ಗುಂಪು ಒಟ್ಟಾಗಿ ಬೆನ್ನು ತಿರುಗಿಸಿತು. ಬ್ಯಾಟಿಂಗ್‌ಗೆ ಬಂದಾಗ ಇಡೀ ಸ್ಟೇಡಿಯಂ ಅಬ್ಬರಿಸಿ ಬೈಯಿತು. ಸೋಟೊ ಹೆಲ್ಮೆಟ್ ಎತ್ತಿ ವಂದಿಸಿದರು. ಹೆಚ್ಚು ಹಣ ಕೊಟ್ಟವರ ಕಡೆ ಆಟಗಾರ ಹೋಗುವುದು ಯಾಂಕೀಸ್ ಅಭಿಮಾನಿಗೆ ಹೊಸದೇನಲ್ಲ. ಅಷ್ಟು ವರ್ಷ ಅವನು ಅದರ ಇನ್ನೊಂದು ತುದಿಯಲ್ಲಿದ್ದ, ಅಷ್ಟೆ.

ಎಲ್ಲ ಖರೀದಿಯೂ ಕೈಹಿಡಿಯಲಿಲ್ಲ. ವಿಲಿಯಮ್ಸ್ ಏಪ್ರಿಲ್‌ನಲ್ಲೇ ಎಡವಿ ಕ್ಲೋಸರ್ ಸ್ಥಾನ ಕಳೆದುಕೊಂಡರು. ಸ್ವಂತ ಸ್ಟೇಡಿಯಂನಲ್ಲೇ ಜನ ಅವರ ಬದಲು ತಂಡದ ಇನ್ನೊಬ್ಬ ಪಿಚರ್ ಲ್ಯೂಕ್ ವೀವರ್ ಬೇಕೆಂದು ಕೂಗಿದರು. ಮೂರನೇ ಬೇಸ್‌ನ ತೂತು ಮುಚ್ಚಲು ಜುಲೈನಲ್ಲಿ ಕೊಲರಾಡೊದಿಂದ ರಯನ್ ಮೆಕ್‌ಮ್ಯಾನ್ ಅವರನ್ನು ತರಬೇಕಾಯಿತು. ಆ ಹೊತ್ತಿಗೆ ವಿಲಿಯಮ್ಸ್‌ಗೆ ಬದಲಾಗಿ ಕೊಟ್ಟ ಡರ್ಬಿನ್ ಮಿಲ್ವಾಕಿಯಲ್ಲಿ ಮೂರನೇ ಬೇಸ್‌ನಲ್ಲೇ ನೆಲೆಯೂರಿದ್ದರು. ಆ ತಂಡ 97 ಪಂದ್ಯ ಗೆದ್ದು ಲೀಗ್‌ನಲ್ಲೇ ಮೊದಲ ಸ್ಥಾನಕ್ಕೇರಿತು. ಈ ಒಂದು ಟ್ರೇಡ್ ಬಗ್ಗೆ ಯಾಂಕೀಸ್ ಅಭಿಮಾನಿ ಇಂದಿಗೂ ಕ್ಯಾಶ್‌ಮನ್‌ರನ್ನು ಕ್ಷಮಿಸಿಲ್ಲ.

ಉಳಿದ ಲೆಕ್ಕ ಭಯಪಟ್ಟಷ್ಟು ಕೆಡಲಿಲ್ಲ. ಫ್ರೀಡ್ 19 ಪಂದ್ಯ ಗೆದ್ದರು. ಬೆಲಿಂಜರ್ 29 ಹೋಮ್ ರನ್ ಹೊಡೆದರು. ಸೋಟೊ ಜೊತೆಯಿಲ್ಲದೆ ಮಂಕಾಗುತ್ತಾರೆ ಎಂದುಕೊಂಡಿದ್ದ ಜಡ್ಜ್ 53 ಹೋಮ್ ರನ್ ಜೊತೆಗೆ .331 ಸರಾಸರಿಯಲ್ಲಿ ಬ್ಯಾಟಿಂಗ್ ಪಟ್ಟವನ್ನೂ ಗೆದ್ದರು. ಹಿಂದಿನ ವರ್ಷ 94 ಪಂದ್ಯ ಗೆದ್ದಿದ್ದ ಯಾಂಕೀಸ್ ಸೋಟೊ ಇಲ್ಲದೆಯೂ 94ನ್ನೇ ಗೆದ್ದಿತು. ಅತ್ತ ಸೋಟೊ 43 ಹೋಮ್ ರನ್ ಹೊಡೆದು, 38 ಬೇಸ್ ಕದ್ದರೂ ಮೆಟ್ಸ್ 83 ಗೆಲುವಿಗೆ ನಿಂತು, ಋತುವಿನ ಕೊನೆಯ ದಿನ ಪ್ಲೇಆಫ್‌ನಿಂದ ಹೊರಬಿತ್ತು. ಯಾಂಕೀಸ್ ಪ್ಲೇಆಫ್‌ನಲ್ಲಿ ಬಾಸ್ಟನ್ ತಂಡವನ್ನು ದಾಟಿ, ಟೊರಾಂಟೊ ಬ್ಲೂ ಜೇಸ್ ಎದುರು ನಾಲ್ಕು ಪಂದ್ಯಗಳಲ್ಲಿ ಸೋತು ಮನೆಗೆ ಬಂತು. ಆರು ತಿಂಗಳ ಆಟದಲ್ಲಿ ಸರಿಹೋದ ಲೆಕ್ಕ ಅಕ್ಟೋಬರ್‌ನಲ್ಲಿ ಸರಿಹೋಗಲಿಲ್ಲ.

ಸೋಟೊ ಜೊತೆಗೆ ಕೊಸರಾಗಿ ಬಂದು ಮೊದಲ ವರ್ಷ ಬಹುಪಾಲು ಬೆಂಚಿನ ಮೇಲೆ ಕುಳಿತಿದ್ದ ಟ್ರೆಂಟ್ ಗ್ರಿಶಮ್ 2025ರಲ್ಲಿ 34 ಹೋಮ್ ರನ್ ಹೊಡೆದರು. ನವೆಂಬರ್‌ನಲ್ಲಿ ಮತ್ತೆ ಒಲೆ ಹೊತ್ತಿದಾಗ, ಸುಮಾರು 2.2 ಕೋಟಿ ಡಾಲರ್‌ಗೆ ಇನ್ನೊಂದು ವರ್ಷ ಯಾಂಕೀಸ್‌ನಲ್ಲೇ ಉಳಿಯಲು ಅವರು ಒಪ್ಪಿದರು.