ಮುಂಬಯಿ ಎಫ್‌ಸಿ: ಹಿಂಬಡ್ತಿಯ ಆ ಒಂದು ಋತು

ಬಾಂದ್ರಾ ರಿಕ್ಲಮೇಶನ್‌ನ ಫುಟ್ಬಾಲ್ ಮೈದಾನಕ್ಕೆ ನೆವಿಲ್ ಡಿಸೋಜಾ ಅವರ ಹೆಸರಿದೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯದ ವಿರುದ್ಧ ಮೂರು ಗೋಲು ಹೊಡೆದ ಆಟಗಾರರವರು. ಈ ಪರಿಸರದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಇಂಗ್ಲೆಂಡಿನ ಕ್ಲಬ್ಬುಗಳ ಹೆಸರು ಬಾಯಿಪಾಠ. ತಮ್ಮದೇ ನಗರದಲ್ಲಿ ಮುಂಬಯಿ ಎಫ್‌ಸಿ ಎಂಬ ತಂಡವೊಂದು ಇತ್ತೆಂಬುದನ್ನು ಬಲ್ಲವರು ವಿರಳ.

2007ರಲ್ಲಿ ಹುಟ್ಟಿದ ಈ ತಂಡ ಮರುವರ್ಷವೇ ಎರಡನೆಯ ವಿಭಾಗವನ್ನು ಗೆದ್ದು ಐ-ಲೀಗ್ ಪ್ರವೇಶಿಸಿತು. ಆಗ ತರಬೇತುದಾರರಾಗಿದ್ದವರು ಇಂಗ್ಲೆಂಡಿನ ಡೇವಿಡ್ ಬೂತ್. ಕಡೆಯ ಸ್ಥಾನದಲ್ಲಿ ಉಳಿದವರು ಕೆಳಗಿನ ವಿಭಾಗಕ್ಕೆ ಇಳಿಯಬೇಕು, ಕೆಳಗೆ ಗೆದ್ದವರು ಮೇಲೇರಬೇಕು: ಇದೇ ಹಿಂಬಡ್ತಿಯ ನಿಯಮ. ಗೆಲುವಿಗೆ 3 ಅಂಕ, ಸಮಬಲಕ್ಕೆ 1. ತಳದಲ್ಲಿ ಒದ್ದಾಡುವವರಿಗೆ ಆ ಒಂದು ಅಂಕವೂ ಜೀವದಾನವೇ. 2009ರಿಂದ ತಂಡವನ್ನು ನಡೆಸಿದ ಖಾಲಿದ್ ಜಮೀಲ್ ಈ ಲೆಕ್ಕವನ್ನು ಚೆನ್ನಾಗಿ ಅರಿತಿದ್ದರು. ಅವರ ಆಟ ಕಣ್ಣಿಗೆ ಹಬ್ಬವಾಗಿರಲಿಲ್ಲ ಎಂಬುದನ್ನು ಒಪ್ಪಬೇಕು. ಆದರೆ ಏಳು ಋತುಗಳಲ್ಲಿ ತಂಡ ಒಮ್ಮೆಯೂ ಕೆಳಗಿಳಿಯಲಿಲ್ಲ.

2016ರಲ್ಲಿ ಕ್ಲಬ್ಬು ಅವರನ್ನು ಬೀಳ್ಕೊಟ್ಟಿತು. ಹೊಸ ತರಬೇತುದಾರ ಸಂತೋಷ್ ಕಶ್ಯಪ್ ಅವರ ಕೈಯಲ್ಲಿ 2017ರ ಜನವರಿಯಲ್ಲಿ ತಂಡ ಮೊದಲ ಎರಡೂ ಪಂದ್ಯಗಳನ್ನು ಗೆದ್ದಾಗ ಕೂಪರೇಜ್ ಮೈದಾನದಲ್ಲಿ ಸಂಭ್ರಮ. ಅನಂತರದ 16 ಪಂದ್ಯಗಳಲ್ಲಿ ಒಂದೇ ಒಂದು ಗೆಲುವೂ ಒದಗಲಿಲ್ಲ. ನಡುವೆ ಕಶ್ಯಪ್ ಅವರ ಸ್ಥಾನಕ್ಕೆ ಸ್ಪೇನಿನ ಆಸ್ಕರ್ ಬ್ರುಸಾನ್ ಬಂದರು, ಫಲ ಕಾಣಲಿಲ್ಲ. ಹತ್ತು ತಂಡಗಳಲ್ಲಿ ಹತ್ತನೆಯ ಸ್ಥಾನ.

ಅದೇ ಋತುವಿನಲ್ಲಿ ಪ್ರಶಸ್ತಿ ಗೆದ್ದ ತಂಡ ಮಿಜೋರಾಮಿನ ಐಜಾಲ್ ಎಫ್‌ಸಿ. ಹಿಂದಿನ ವರ್ಷ ಹಿಂಬಡ್ತಿ ಪಡೆದು, ಗೋವೆಯ ತಂಡಗಳು ಹಿಂದೆ ಸರಿದುದರಿಂದ ಮರಳಿ ಅವಕಾಶ ಪಡೆದಿದ್ದ ತಂಡವದು. ಮೋಹನ್ ಬಾಗಾನ್‌ಗಿಂತ ಒಂದೇ ಅಂಕ ಹೆಚ್ಚು. ತರಬೇತುದಾರರು ಯಾರೆಂದುಕೊಂಡಿರಿ? ಮುಂಬಯಿಯು ಬೇಡವೆಂದ ಅದೇ ಖಾಲಿದ್ ಜಮೀಲ್!

ಇಂಗ್ಲೆಂಡಿನಲ್ಲಿ ಕೆಳಗಿಳಿದ ಕ್ಲಬ್ಬಿಗೆ ಅಲ್ಲಿಯೂ ಊರಿನ ಪ್ರೇಕ್ಷಕರಿರುತ್ತಾರೆ, ಮರಳಿ ಏರುವ ಆಸೆಯಿರುತ್ತದೆ. ನಮ್ಮಲ್ಲಿ 2014ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗ್‌ಗೆ ಹಿಂಬಡ್ತಿಯೇ ಇರಲಿಲ್ಲ. ಹಣವೂ ದೂರದರ್ಶನದ ಬೆಳಕೂ ಅತ್ತ ಹರಿದಿದ್ದವು. ನಗರದ ಅಭಿಮಾನವನ್ನೂ ಅಲ್ಲಿನ ಮುಂಬಯಿ ಸಿಟಿ ಎಫ್‌ಸಿ ಸೆಳೆದಿತ್ತು. ಎರಡನೆಯ ವಿಭಾಗದಲ್ಲಿ ಆಡಬೇಕಿದ್ದ ಮುಂಬಯಿ ಎಫ್‌ಸಿ ಅಲ್ಲಿ ಕಣಕ್ಕಿಳಿಯಲೇ ಇಲ್ಲ. ಹತ್ತು ವರ್ಷದ ಕ್ಲಬ್ಬು ಮುಚ್ಚಿತು.

ಖಾಲಿದ್ ಜಮೀಲ್ 2025ರ ಆಗಸ್ಟ್‌ನಲ್ಲಿ ಭಾರತ ತಂಡದ ಮುಖ್ಯ ತರಬೇತುದಾರರಾಗಿ ನೇಮಕಗೊಂಡರು.